ಯಂತ್ರಗಳ ನಡುವಿನ ನಂಬಿಕೆ: ಕೀಲಿಗೆ ವಾರಸುದಾರ ಯಾರು?

2022ರ ಜನವರಿಯಲ್ಲಿ ಹೈದರಾಬಾದಿನ ಎ.ಪಿ. ಮಹೇಶ್ ಕೋ-ಆಪರೇಟಿವ್ ಅರ್ಬನ್ ಬ್ಯಾಂಕಿನ ಸರ್ವರ್‌ಗಳಿಗೆ ನುಗ್ಗಿದ ಕಳ್ಳರು 12 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಸಾಗಿಸಿಬಿಟ್ಟರು. ಹಣ ಮೊದಲು ಅದೇ ಬ್ಯಾಂಕಿನ ಬೆರಳೆಣಿಕೆಯ ಖಾತೆಗಳಿಗೆ ಬಂತು. ಅಲ್ಲಿಂದ ನೂರಕ್ಕೂ ಹೆಚ್ಚು ಖಾತೆಗಳಿಗೆ, ಅಲ್ಲಿಂದ ಮತ್ತೆ ನೂರಾರು ಖಾತೆಗಳಿಗೆ ಹರಿದು ಹಂಚಿಹೋಯಿತು. ತನಿಖೆ ನಡೆಸಿದ ನಗರ ಪೊಲೀಸರು ವಿವರಿಸಿದ ಪ್ರಕಾರ ಇದರ ಬೀಜ ಬಿದ್ದದ್ದು ಹಿಂದಿನ ನವೆಂಬರಿನಲ್ಲಿ. ಸಿಬ್ಬಂದಿಗೆ ಇನ್ನೂರಕ್ಕೂ ಹೆಚ್ಚು ಮೋಸದ ಇಮೇಲ್‌ಗಳು ಬಂದಿದ್ದವು, ಇಬ್ಬರು ತೆರೆದರು. ಅಲ್ಲಿಂದ ಒಳಗೆ ಕಾಲಿಟ್ಟ ಕಳ್ಳರು ಬ್ಯಾಂಕಿನ ಜಾಲದೊಳಗೆ ಓಡಾಡಿಕೊಂಡು ಡೇಟಾಬೇಸ್ ಇದ್ದ ಸರ್ವರ್ ತಲುಪಿದರು. ಜಾಲವನ್ನು ಭಾಗ ಮಾಡಿ ನಡುವೆ ತಡೆ ಹಾಕಿರಲಿಲ್ಲ. ಸರ್ವಾಧಿಕಾರವಿರುವ ಸೂಪರ್‌ಯೂಸರ್ ಖಾತೆಗಳು ಹಲವಿದ್ದವು, ಅವುಗಳಲ್ಲಿ ಕೆಲವಕ್ಕೆ ಪಾಸ್‌ವರ್ಡ್ ಒಂದೇ ಆಗಿತ್ತು. 2023ರಲ್ಲಿ ರಿಸರ್ವ್ ಬ್ಯಾಂಕ್ ಈ ಬ್ಯಾಂಕಿಗೆ 65 ಲಕ್ಷ ರೂಪಾಯಿ ದಂಡ ವಿಧಿಸಿತು.

ಇಂಥ ಪ್ರಕರಣಗಳನ್ನು ನಾವು ‘ಗೊತ್ತಿಲ್ಲದವರ ಇಮೇಲ್ ತೆರೆಯಬೇಡಿ’ ಎಂಬ ಎಚ್ಚರಿಕೆಯೊಂದಿಗೆ ಮುಗಿಸಿಬಿಡುತ್ತೇವೆ. ನೂರಾರು ಮಂದಿ ಕೆಲಸ ಮಾಡುವ ಕಚೇರಿಯಲ್ಲಿ ಯಾರಾದರೊಬ್ಬರು ಎಂದಾದರೂ ಒಂದು ದಿನ ತೆರೆದೇ ತೆರೆಯುತ್ತಾರೆ. ಕೇಳಬೇಕಾದ ಪ್ರಶ್ನೆ ಅದರ ಮುಂದಿನದು. ಮೇಜಿನ ಮೇಲಿನ ಒಂದು ಕಂಪ್ಯೂಟರಿನಿಂದ ಹೊರಟ ಆಜ್ಞೆಯನ್ನು ಬ್ಯಾಂಕಿನ ಮುಖ್ಯ ಸರ್ವರ್ ಯಾಕೆ ಪಾಲಿಸಿತು? ಆಜ್ಞೆ ಕೊಟ್ಟವರ ಗುರುತನ್ನು ಅದು ಹೇಗೆ ಕೇಳಿತು, ಯಾವ ಉತ್ತರಕ್ಕೆ ತೃಪ್ತಿಪಟ್ಟಿತು? ಯಂತ್ರವೊಂದು ಇನ್ನೊಂದು ಯಂತ್ರವನ್ನು ನಂಬುವ ಈ ವ್ಯವಹಾರವನ್ನು, ಅದರಲ್ಲೂ ಸರ್ವರ್‌ಗಳನ್ನು ನಿರ್ವಹಿಸುವ ತಂತ್ರಾಂಶಗಳ ನಡುವಿನ ಮಾತುಕತೆಯನ್ನು, ಒಟ್ಟಾರೆಯಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗುರುತು, ಗುಟ್ಟು, ಹಕ್ಕು

ಒಂದು ಮಧ್ಯಮ ಗಾತ್ರದ ಸಂಸ್ಥೆಯಲ್ಲೂ ಇಂದು ಹತ್ತಾರು ಸರ್ವರ್‌ಗಳಿರುತ್ತವೆ. ದೊಡ್ಡ ಕಂಪನಿಗಳಲ್ಲಿ ಸಾವಿರಾರು. ಒಂದೊಂದರ ಮುಂದೆಯೂ ಒಬ್ಬರು ಕೂರಲು ಸಾಧ್ಯವಿಲ್ಲ. ಆದ್ದರಿಂದ ಅವುಗಳ ಆರೋಗ್ಯ ನೋಡಲು ಒಂದು ತಂತ್ರಾಂಶ, ಸಂರಚನೆ ಒಂದೇ ಬಗೆಯಲ್ಲಿರುವಂತೆ ಕಾಯಲು ಇನ್ನೊಂದು, ತೇಪೆ ಹಾಕಲು, ಬ್ಯಾಕಪ್ ತೆಗೆಯಲು, ಹೊಸ ಆವೃತ್ತಿ ಇಳಿಸಲು ಮತ್ತಷ್ಟು. ಇವು ಹಗಲಿರುಳೂ ಪರಸ್ಪರ ಮಾತಾಡುತ್ತವೆ. ಒಂದು ಸರ್ವರ್‌ನ ಡಿಸ್ಕ್ ತುಂಬುತ್ತಾ ಬಂದಿದೆ ಎಂದು ನಿಗಾ ತಂತ್ರಾಂಶಕ್ಕೆ ತಿಳಿಯುತ್ತದೆ. ಅದು ದೂರು ನಿರ್ವಹಣೆಯ ತಂತ್ರಾಂಶಕ್ಕೆ ಟಿಕೆಟ್ ಕಳಿಸುತ್ತದೆ. ಟಿಕೆಟ್ ನೋಡಿದ ಸ್ವಯಂಚಾಲನೆಯ ತಂತ್ರಾಂಶ ಆ ಸರ್ವರ್‌ಗೆ ಹೋಗಿ, ರೂಟ್ ಎಂಬ ಸರ್ವಾಧಿಕಾರದಲ್ಲಿ ಹಳೆಯ ಲಾಗ್‌ಗಳನ್ನು ಅಳಿಸಿ ಬರುತ್ತದೆ. ಈ ಸರಪಳಿಯಲ್ಲಿ ಎಲ್ಲೂ ಮನುಷ್ಯ ಬರುವುದಿಲ್ಲ.

ಸರಪಳಿಯ ಪ್ರತಿ ಕೊಂಡಿಯಲ್ಲೂ ಮೂರು ಪ್ರಶ್ನೆಗಳಿರುತ್ತವೆ. ಮಾತಾಡುತ್ತಿರುವವರು ನಿಜವಾಗಿ ಅವರೇನಾ? ನಡುವೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ, ಮಾತನ್ನು ತಿದ್ದುತ್ತಿದ್ದಾರೆಯೇ? ಕೇಳಿದ ಕೆಲಸ ಮಾಡಿಸುವ ಹಕ್ಕು ಅವರಿಗಿದೆಯೇ? ಗುರುತು, ಗುಟ್ಟು, ಹಕ್ಕು ಎಂದು ಇವನ್ನು ಕರೆಯೋಣ. ಇವುಗಳಲ್ಲಿ ಗುಟ್ಟಿನ ಪ್ರಶ್ನೆಯನ್ನು ಗಣಿತ ಬಹುಮಟ್ಟಿಗೆ ಬಗೆಹರಿಸಿದೆ. ಇಂದಿನ ಗೂಢಲಿಪಿಯನ್ನು ನೇರವಾಗಿ ಒಡೆದು ನಡೆದ ಕಳ್ಳತನಗಳನ್ನು ಹುಡುಕುವುದು ಕಷ್ಟ. ನಾವು ಸೋಲುತ್ತಿರುವುದು ಕೀಲಿಯ ಬದುಕಿನಲ್ಲಿ: ಅದು ಹೇಗೆ ಹುಟ್ಟಿತು, ಮೊದಲ ಬಾರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಷ್ಟು ಬಾಗಿಲು ತೆರೆಯುತ್ತದೆ, ಯಾವಾಗ ರದ್ದಾಗುತ್ತದೆ, ಇದನ್ನೆಲ್ಲ ನೋಡಿಕೊಳ್ಳುವವರು ಯಾರು. ಮುಂದೆ ಹೇಳುವ ಒಂದೊಂದು ಪ್ರಕರಣವೂ ಇಲ್ಲಿಗೇ ಬಂದು ನಿಲ್ಲುತ್ತದೆ.

ಹೈದರಾಬಾದಿಗೆ ಇದು ದೂರದ ಮಾತಲ್ಲ. 1998ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಅಭಿವೃದ್ಧಿ ಕೇಂದ್ರವನ್ನು ಈ ನಗರದಲ್ಲಿ ತೆರೆಯಿತು. 2022ರ ನವೆಂಬರಿನಲ್ಲಿ ಅಮೆಜಾನ್ ತನ್ನ ಕ್ಲೌಡ್ ಸೇವೆಯ ಹೈದರಾಬಾದ್ ವಲಯವನ್ನು ಆರಂಭಿಸಿತು. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ರಾತ್ರಿ ಪಾಳಿ ಮಾಡುವ ಎಷ್ಟೋ ಕನ್ನಡದ ಹುಡುಗ ಹುಡುಗಿಯರ ನಿತ್ಯದ ಕೆಲಸ ಇದೇ: ಜಗತ್ತಿನ ಯಾವುದೋ ಮೂಲೆಯ ಸರ್ವರ್‌ಗಳ ಕೀಲಿಗಳನ್ನು ಹಿಡಿದು ನಿರ್ವಹಿಸುವುದು.

ಕೂಗಿ ಹೇಳುತ್ತಿದ್ದ ಪಾಸ್‌ವರ್ಡ್

ಈ ತಂತ್ರಾಂಶಗಳ ಮೊದಲ ಪೀಳಿಗೆ ಹುಟ್ಟಿದ್ದು ಜಾಲದಲ್ಲಿ ಇರುವವರೆಲ್ಲ ಪರಿಚಿತರು ಎಂಬ ನಂಬಿಕೆಯಲ್ಲಿ. ಸಾಧನಗಳ ಸ್ಥಿತಿಗತಿ ಕೇಳಲು 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ಶಿಷ್ಟಾಚಾರ (ಪ್ರೋಟೊಕಾಲ್) ಇಂದಿಗೂ ರೌಟರ್, ಸ್ವಿಚ್, ಪ್ರಿಂಟರ್‌ಗಳಲ್ಲಿ ಬಳಕೆಯಲ್ಲಿದೆ. ಅದರ ಆರಂಭದ ಆವೃತ್ತಿಗಳಲ್ಲಿ ಗುರುತೆಂದರೆ ‘ಕಮ್ಯುನಿಟಿ ಸ್ಟ್ರಿಂಗ್’ ಎಂಬ ಒಂದು ಪದ. ಓದಲು ‘ಪಬ್ಲಿಕ್’, ಬದಲಾಯಿಸಲು ‘ಪ್ರೈವೇಟ್’ ಎಂದು ಕಾರ್ಖಾನೆಯಿಂದಲೇ ಬರುತ್ತಿತ್ತು. ಅದೂ ತಂತಿಯ ಮೇಲೆ ಮುಚ್ಚುಮರೆಯಿಲ್ಲದೆ ಹೋಗುತ್ತಿತ್ತು. ಸರಿಯಾದ ಗುರುತು ಮತ್ತು ಗೂಢಲಿಪಿ ಇರುವ ಮೂರನೇ ಆವೃತ್ತಿ 2002ರ ಕೊನೆಗೆ ಪೂರ್ಣ ಪ್ರಮಾಣದ ಮಾನಕವಾಯಿತು. ಅದನ್ನು ಹೊಂದಿಸುವುದು ತುಸು ಕಷ್ಟ. ಹಾಗಾಗಿ ಹಳೆಯ ಆವೃತ್ತಿ ಇನ್ನೂ ಎಷ್ಟೋ ಕಡೆ ಓಡುತ್ತಲೇ ಇದೆ.

ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಟೆಲ್ನೆಟ್ ಕೂಡ ಹಾಗೆಯೇ ಪಾಸ್‌ವರ್ಡನ್ನು ಬರಿಗಣ್ಣಿಗೆ ಕಾಣುವಂತೆ ಕಳಿಸುತ್ತಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡ್‌ಗಳನ್ನು ಕೂಡಿಹಾಕಿದ ಘಟನೆ ನಡೆಯಿತು. ಅದರಿಂದ ಎಚ್ಚೆತ್ತ ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಇಂದು ಸಿಸ್ಟಮ್ ಅಡ್ಮಿನ್‌ಗಳ ದಿನ ಅದಿಲ್ಲದೆ ಸಾಗದು.

ಗುರುತು ಸಾಬೀತುಪಡಿಸುವ ಬಗೆಗಳಲ್ಲಿ ಮೂರು ಮುಖ್ಯ ಪರಂಪರೆಗಳಿವೆ. ಮೊದಲನೆಯದು ಇಬ್ಬರಿಗೂ ಗೊತ್ತಿರುವ ಒಂದೇ ಗುಟ್ಟು. ಸರಳ, ಆದರೆ ನೂರು ಯಂತ್ರಗಳಲ್ಲಿ ಅದೇ ಗುಟ್ಟು ಇದ್ದರೆ ಒಂದರಲ್ಲಿ ಸೋರಿದಾಗ ನೂರೂ ಹೋದವು. ಎರಡನೆಯದು ಇಬ್ಬರೂ ನಂಬುವ ಮಧ್ಯಸ್ಥ. ಎಂಐಟಿಯ ಅಥೀನಾ ಯೋಜನೆಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಕರ್ಬೆರೋಸ್ ಈ ಬಗೆಯದು. ಮಧ್ಯಸ್ಥ ಸರ್ವರ್ ಕೆಲವು ಗಂಟೆ ಮಾತ್ರ ನಡೆಯುವ ಟಿಕೆಟ್ ಕೊಡುತ್ತದೆ. ವಿಂಡೋಸ್‌ನ ಆಕ್ಟಿವ್ ಡೈರೆಕ್ಟರಿ ನಿಂತಿರುವುದು ಇದರ ಮೇಲೆಯೇ. ಮೂರನೆಯದು ಜೋಡಿ ಕೀಲಿ. ಖಾಸಗಿ ಕೀಲಿ ಯಂತ್ರದೊಳಗೇ ಉಳಿಯುತ್ತದೆ. ಅದರ ಜೊತೆಯ ಸಾರ್ವಜನಿಕ ಕೀಲಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಆ ಸಾರ್ವಜನಿಕ ಕೀಲಿ ಇಂಥವರದೇ ಎಂದು ನಂಬಿಕಸ್ಥ ಸಂಸ್ಥೆಯೊಂದು ಸಹಿ ಹಾಕಿದರೆ ಅದೇ ಡಿಜಿಟಲ್ ಸರ್ಟಿಫಿಕೇಟ್. ಜಾಲತಾಣ ನೋಡುವಾಗ ಸರ್ವರ್ ಮಾತ್ರ ಸರ್ಟಿಫಿಕೇಟ್ ತೋರಿಸುತ್ತದೆ. ನಿರ್ವಹಣಾ ತಂತ್ರಾಂಶಗಳ ನಡುವೆ ಇಬ್ಬರೂ ತೋರಿಸುವುದು ಸರಿಯಾದ ಕ್ರಮ.

ಹೈದರಾಬಾದು ಕಟ್ಟಿದ ನಂಬಿಕೆ

ಈ ಮೂರನೆಯ ಪರಂಪರೆಯನ್ನು ಭಾರತದ ಬ್ಯಾಂಕುಗಳಿಗೆ ಕಲಿಸಿದ ಊರು ಹೈದರಾಬಾದು. 1996ರಲ್ಲಿ ರಿಸರ್ವ್ ಬ್ಯಾಂಕ್ ಇಲ್ಲಿನ ಮಾಸಬ್ ಟ್ಯಾಂಕ್ ಬಳಿ ಐಡಿಆರ್‌ಬಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಬ್ಯಾಂಕಿಂಗ್ ತಂತ್ರಜ್ಞಾನದ ಅಭಿವೃದ್ಧಿ ಮತ್ತು ಸಂಶೋಧನೆ ಅದರ ಕೆಲಸ. 1999ರಲ್ಲಿ ಬ್ಯಾಂಕುಗಳಿಗಷ್ಟೇ ಮೀಸಲಾದ ಇನ್‌ಫಿನೆಟ್ ಜಾಲ, 2001ರ ಡಿಸೆಂಬರಿನಲ್ಲಿ ಎಸ್‌ಎಫ್‌ಎಂಎಸ್ ಎಂಬ ಸಂದೇಶ ವ್ಯವಸ್ಥೆ, 2004ರಲ್ಲಿ ಎಟಿಎಂಗಳನ್ನು ಬೆಸೆದ ನ್ಯಾಷನಲ್ ಫೈನಾನ್ಶಿಯಲ್ ಸ್ವಿಚ್, ಎಲ್ಲ ಇಲ್ಲಿಂದ ಹೊರಟವು. ನಾವು ಹಣ ಕಳಿಸುವಾಗ ತುಂಬುವ 11 ಅಕ್ಷರಗಳ ಐಎಫ್‌ಎಸ್‌ಸಿ ಆ ಸಂದೇಶ ವ್ಯವಸ್ಥೆಯಲ್ಲಿ ಶಾಖೆಯ ವಿಳಾಸ.

ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಇಂಥ ಸಂದೇಶದಲ್ಲಿ ಗುರುತಿಗೆ ಪಾಸ್‌ವರ್ಡ್ ಸಾಲದು ಎಂದು ಆ ಸಂಸ್ಥೆ ಮೊದಲೇ ತೀರ್ಮಾನಿಸಿತ್ತು. ಸಂದೇಶಕ್ಕೆ ಡಿಜಿಟಲ್ ಸಹಿ ಬೀಳಬೇಕು, ಮೈಯೆಲ್ಲ ಗೂಢಲಿಪಿಯಲ್ಲಿರಬೇಕು, ಸಹಿಯ ಕೀಲಿ ಸ್ಮಾರ್ಟ್ ಕಾರ್ಡಿನೊಳಗಿರಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತ್ತು. ಅದರಡಿ ಪರವಾನಗಿ ಪಡೆದು ಐಡಿಆರ್‌ಬಿಟಿಯೇ ಬ್ಯಾಂಕುಗಳಿಗೆ ಸರ್ಟಿಫಿಕೇಟ್ ನೀಡುವ ಪ್ರಾಧಿಕಾರವೂ ಆಯಿತು. ಅಂದರೆ ಕೀಲಿ ಎಲ್ಲಿ ಹುಟ್ಟಬೇಕು, ಯಾವ ಅಧಿಕಾರಿಯ ಹೆಸರಿನಲ್ಲಿರಬೇಕು, ಅವಧಿ ಎಷ್ಟು, ಕಳೆದುಹೋದರೆ ಯಾರಿಗೆ ಹೇಳಬೇಕು ಎಂಬುದಕ್ಕೆಲ್ಲ ಬರೆದಿಟ್ಟ ನಿಯಮ ಇತ್ತು. ಹಣದ ಸಂದೇಶಗಳ ವಿಷಯದಲ್ಲಿ ಇಷ್ಟು ಶಿಸ್ತು ಕಟ್ಟಿದ ನಗರದಲ್ಲೇ ಎರಡು ದಶಕಗಳ ನಂತರ ಮಹೇಶ್ ಬ್ಯಾಂಕಿನ ಕಳ್ಳತನ ನಡೆದದ್ದು ಯೋಚಿಸಬೇಕಾದ ಸಂಗತಿ. ಬ್ಯಾಂಕುಗಳ ನಡುವಿನ ರಸ್ತೆಗೆ ಕಾವಲಿತ್ತು. ಬ್ಯಾಂಕಿನೊಳಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಓಣಿಗಳಿಗೆ ಇರಲಿಲ್ಲ.

ಮೊದಲ ಪರಿಚಯದ ಕಷ್ಟ

ಜೋಡಿ ಕೀಲಿ ಎಷ್ಟೇ ಗಟ್ಟಿಯಾದರೂ ಒಂದು ಕಠಿಣ ಕ್ಷಣ ಉಳಿದೇ ಇರುತ್ತದೆ: ಇಬ್ಬರು ಮೊದಲ ಬಾರಿಗೆ ಭೇಟಿಯಾಗುವ ಕ್ಷಣ. ಅದನ್ನು ತುಸು ಹತ್ತಿರದಿಂದ ನೋಡೋಣ.

ಪಪೆಟ್ ಎಂಬ ಸಂರಚನಾ ತಂತ್ರಾಂಶವನ್ನು ತೆಗೆದುಕೊಳ್ಳಿ. ಹೊಸ ಸರ್ವರ್ ಒಂದಕ್ಕೆ ಅದರ ಏಜೆಂಟನ್ನು, ಅಂದರೆ ಆ ಸರ್ವರ್‌ನಲ್ಲೇ ಕೂತು ಆಜ್ಞೆ ನಡೆಸುವ ಸಣ್ಣ ಪ್ರೋಗ್ರಾಮನ್ನು, ಹಾಕಿದೊಡನೆ ಏಜೆಂಟ್ ತನ್ನದೇ ಜೋಡಿ ಕೀಲಿ ಸೃಷ್ಟಿಸಿಕೊಳ್ಳುತ್ತದೆ. ಬಳಿಕ 8140ನೇ ಪೋರ್ಟಿನಲ್ಲಿ ಮುಖ್ಯ ಸರ್ವರನ್ನು ಸಂಪರ್ಕಿಸಿ ‘ನನ್ನ ಹೆಸರು ಇದು, ನನಗೆ ಸರ್ಟಿಫಿಕೇಟ್ ಕೊಡಿ’ ಎಂದು ಅರ್ಜಿ ಹಾಕುತ್ತದೆ. ಅರ್ಜಿ ಅಲ್ಲಿ ಕಾಯುತ್ತಾ ಕೂರುತ್ತದೆ. ಅಡ್ಮಿನ್ ಈಗ ಆ ಅರ್ಜಿಯ ಬೆರಳಚ್ಚನ್ನು, ಅಂದರೆ ಅದರಿಂದ ಲೆಕ್ಕ ಹಾಕಿ ತೆಗೆದ ಅಂಕಿ ಅಕ್ಷರಗಳ ಉದ್ದ ಸಾಲನ್ನು, ಹೊಸ ಸರ್ವರ್‌ನ ಪರದೆಯಲ್ಲಿ ಕಾಣುವ ಬೆರಳಚ್ಚಿನೊಂದಿಗೆ ತಾಳೆ ನೋಡಬೇಕು. ಎರಡೂ ಒಂದೇ ಆಗಿದ್ದರೆ ಸಹಿ ಹಾಕಬೇಕು. ಅಲ್ಲಿಂದಾಚೆಗೆ ಏಜೆಂಟ್ ಅರ್ಧ ಗಂಟೆಗೊಮ್ಮೆ ಬಂದು, ಇಬ್ಬರೂ ಸರ್ಟಿಫಿಕೇಟ್ ತೋರಿಸಿಕೊಂಡು, ಆಜ್ಞೆ ಪಡೆದು ಹೋಗುತ್ತದೆ.

ಒಂದೆರಡು ಸರ್ವರ್ ಇದ್ದಾಗ ಈ ತಾಳೆ ನೋಡುವ ಕೆಲಸ ನಡೆಯುತ್ತದೆ. ಒಂದೇ ರಾತ್ರಿ ಇನ್ನೂರು ಸರ್ವರ್ ಎಬ್ಬಿಸಬೇಕಾದಾಗ ಯಾರೂ ನೋಡುವುದಿಲ್ಲ. ಬಂದ ಅರ್ಜಿಗಳಿಗೆಲ್ಲ ತಾನೇ ಸಹಿ ಹಾಕುವಂತೆ ಸ್ವಯಂಸಹಿಯನ್ನು ಚಾಲೂ ಮಾಡಿಬಿಡುತ್ತಾರೆ. ಅಲ್ಲಿಗೆ ಆ ಪೋರ್ಟ್ ತಲುಪಬಲ್ಲ ಯಾರಿಗೆ ಬೇಕಾದರೂ ಸರ್ಟಿಫಿಕೇಟ್ ಸಿಗುತ್ತದೆ.

ಅನ್ಸಿಬಲ್ ಎಂಬ ಇನ್ನೊಂದು ಸಂರಚನಾ ತಂತ್ರಾಂಶ ಬೇರೆ ದಾರಿ ಹಿಡಿಯಿತು. ಅದಕ್ಕೆ ಏಜೆಂಟ್ ಬೇಡ. ಇರುವ ಎಸ್‌ಎಸ್‌ಎಚ್ ಮೂಲಕವೇ ಹೋಗಿ ಕೆಲಸ ಮಾಡಿ ಬರುತ್ತದೆ. ಆದರೆ ಎಸ್‌ಎಸ್‌ಎಚ್‌ನಲ್ಲೂ ಮೊದಲ ಪರಿಚಯವಿದೆ. ಹೊಸ ಸರ್ವರ್‌ಗೆ ಮೊದಲ ಸಲ ಹೋದಾಗ ‘ಇದರ ಕೀಲಿಯ ಬೆರಳಚ್ಚು ಇದು, ಮುಂದುವರಿಯಲೇ?’ ಎಂದು ಅದು ಕೇಳುತ್ತದೆ. ಓದದೆ ‘ಯೆಸ್’ ಎಂದು ಟೈಪಿಸುವುದು ಕೈಗೆ ರೂಢಿಯಾಗಿಬಿಟ್ಟಿದೆ. ಈ ಪ್ರಶ್ನೆ ಬಂದಾಗ ಸ್ವಯಂಚಾಲನೆ ನಿಂತುಹೋಗುತ್ತದೆಂದು ‘ಹೋಸ್ಟ್ ಕೀ ಚೆಕಿಂಗ್’ ಎಂಬ ಸಾಲಿಗೆ ‘ಫಾಲ್ಸ್’ ಎಂದು ಬರೆದಿಡುವುದು ಇನ್ನೂ ದೊಡ್ಡ ರೂಢಿ. ಒಂದು ತಂತ್ರಾಂಶ ಇನ್ನೊಂದನ್ನು ಕರೆಯುವ ಪೈಥಾನ್ ಕೋಡಿನಲ್ಲಿ ಇದರ ತಮ್ಮನಂಥ ಸಾಲೊಂದಿದೆ: ‘ವೆರಿಫೈ ಫಾಲ್ಸ್’. ರಾತ್ರಿ ಎರಡಕ್ಕೆ ಸರ್ಟಿಫಿಕೇಟ್ ತಕರಾರು ಬಂದು ಕೆಲಸ ನಿಂತಾಗ ಪಾಳಿಯಲ್ಲಿದ್ದವರು ಈ ಎರಡು ಪದ ಸೇರಿಸುತ್ತಾರೆ. ಕೆಲಸ ಮುಂದೆ ಸಾಗುತ್ತದೆ. ಬೆಳಿಗ್ಗೆ ಅದನ್ನು ತೆಗೆಯಬೇಕೆಂದು ಯಾರಿಗೂ ನೆನಪಿರುವುದಿಲ್ಲ. ಗೂಢಲಿಪಿ ಆಗಲೂ ಓಡುತ್ತಲೇ ಇರುತ್ತದೆ, ಆದರೆ ಮಾತು ಯಾರೊಂದಿಗೆ ಎಂಬುದು ಮಾತ್ರ ಖಾತ್ರಿಯಿಲ್ಲ. ಕಳ್ಳನೊಂದಿಗೆ ಗುಟ್ಟಾಗಿ ಮಾತಾಡುವುದರಿಂದ ಏನು ಬಂತು?

ಗುರುತು ಕೇಳಲು ಮರೆತ ಬಾಗಿಲುಗಳು

ಎಲ್ಲವನ್ನೂ ಸರಿಯಾಗಿ ಕಟ್ಟಿ, ಒಂದು ಬಾಗಿಲಲ್ಲಿ ಮಾತ್ರ ಗುರುತು ಕೇಳಲು ಮರೆತ ಪ್ರಕರಣಗಳು ಇನ್ನೊಂದು ಬಗೆ. 2020ರ ಏಪ್ರಿಲ್ ಕೊನೆಯಲ್ಲಿ ಸಾಲ್ಟ್ ಎಂಬ ನಿರ್ವಹಣಾ ತಂತ್ರಾಂಶದ ದೋಷವನ್ನು ಎಫ್-ಸೆಕ್ಯೂರ್ ಸಂಸ್ಥೆ ಬಯಲು ಮಾಡಿತು. ಸಾಲ್ಟ್‌ನಲ್ಲೂ ಕೀಲಿ, ಅರ್ಜಿ, ಅಂಗೀಕಾರ ಎಲ್ಲ ಇದೆ. ಆದರೆ ಗುರುತು ಸಾಬೀತಾಗುವ ಮುನ್ನ ಬರುವ ಸಂದೇಶಗಳನ್ನು ನೋಡಿಕೊಳ್ಳುವ ಭಾಗದಲ್ಲಿ, ಹೊರಗಿನವರಿಗೆ ತೆರೆಯಬಾರದ ಎರಡು ಕಾರ್ಯಗಳು ತೆರೆದುಕೊಂಡಿದ್ದವು. ಅವುಗಳಲ್ಲೊಂದು, ಕೇಳಿದವರಿಗೆ ಮುಖ್ಯ ಸರ್ವರ್‌ನ ರೂಟ್ ಕೀಲಿಯನ್ನೇ ಕೊಟ್ಟುಬಿಡುತ್ತಿತ್ತು. ತೇಪೆ ಬಂದ ಕೆಲವೇ ದಿನಗಳಲ್ಲಿ, ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ, ಲಿನೇಜ್ ಓಎಸ್ ಎಂಬ ಮೊಬೈಲ್ ಆಪರೇಟಿಂಗ್ ಸಿಸ್ಟಮ್ ಯೋಜನೆ, ಘೋಸ್ಟ್ ಎಂಬ ಪ್ರಕಾಶನ ವೇದಿಕೆ, ಡಿಜಿಸರ್ಟ್‌ನ ಒಂದು ಲಾಗ್ ಸರ್ವರ್ ದಾಳಿಗೆ ತುತ್ತಾದವು. ಡಿಜಿಸರ್ಟ್ ಜಗತ್ತಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಎಂಬುದನ್ನು ಗಮನಿಸಬೇಕು.

2021ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್‌ನ ಓಎಂಐ ಎಂಬ ಸಣ್ಣ ಏಜೆಂಟಿನ ಸರದಿ. ಅಜೂರ್ ಕ್ಲೌಡಿನಲ್ಲಿ ಲಿನಕ್ಸ್ ಸರ್ವರ್ ಎಬ್ಬಿಸಿ ಲಾಗ್ ಸಂಗ್ರಹದಂಥ ಕೆಲವು ಸೇವೆ ಬಳಸಿದರೆ ಅದು ತಾನಾಗಿ ಬಂದು ಕೂರುತ್ತಿತ್ತು. ಎಷ್ಟೋ ಗ್ರಾಹಕರಿಗೆ ಅದು ಇರುವುದೇ ತಿಳಿದಿರಲಿಲ್ಲ. ವಿಜ್ ಸಂಸ್ಥೆಯ ಸಂಶೋಧಕರು ಕಂಡದ್ದು ಇಷ್ಟು: ತಪ್ಪು ಪಾಸ್‌ವರ್ಡ್ ಕೊಟ್ಟರೆ ಅದು ನಿರಾಕರಿಸುತ್ತದೆ, ಗುರುತಿನ ಸಾಲನ್ನೇ ಕಳಿಸದಿದ್ದರೆ ರೂಟ್ ಎಂದು ಭಾವಿಸಿ ಆಜ್ಞೆ ಪಾಲಿಸುತ್ತದೆ.

ಇವೆರಡಕ್ಕಿಂತ ಹಳೆಯದು, ಆಳದ್ದು, ಸರ್ವರ್‌ನ ಮದರ್‌ಬೋರ್ಡಿನಲ್ಲೇ ಇರುವ ಪುಟ್ಟ ನಿರ್ವಹಣಾ ಕಂಪ್ಯೂಟರಿನ ಪ್ರಶ್ನೆ. ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಿರುತ್ತದೆ. ದೂರದಿಂದ ಕರೆಂಟ್ ಕೊಡಲು, ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕಲು ಅದೇ ದಾರಿ. ಅದರೊಂದಿಗೆ ಮಾತಾಡುವ ಐಪಿಎಂಐ ಶಿಷ್ಟಾಚಾರ 1998ರದ್ದು. 2004ರ ಎರಡನೇ ಆವೃತ್ತಿಯ ವಿನ್ಯಾಸದಲ್ಲೇ ದೋಷವಿದೆ: ಬಂದವರ ಗುರುತು ಸಾಬೀತಾಗುವ ಮೊದಲೇ ಅದು ಪಾಸ್‌ವರ್ಡಿನ ಹ್ಯಾಶನ್ನು, ಅಂದರೆ ಅದರಿಂದ ಲೆಕ್ಕ ಹಾಕಿದ ಬೆರಳಚ್ಚನ್ನು, ಅವರಿಗೆ ಕಳಿಸುತ್ತದೆ. ಅದನ್ನು ಮನೆಗೆ ಒಯ್ದು ಬಿಡುವಾಗಿ ಊಹಿಸುತ್ತಾ ಕೂರಬಹುದು. ಶಿಷ್ಟಾಚಾರವೇ ಹಾಗಿರುವುದರಿಂದ ತೇಪೆಯಿಲ್ಲ. ಅದನ್ನು ಪ್ರತ್ಯೇಕ ಜಾಲದಲ್ಲಿಟ್ಟು ಕಾಯುವುದೊಂದೇ ದಾರಿ. 2015ರಲ್ಲಿ ಬಂದ ರೆಡ್‌ಫಿಶ್ ಇದಕ್ಕೆ ಉತ್ತರಾಧಿಕಾರಿ. ಅದು ಜಾಲತಾಣಗಳು ಬಳಸುವ ಟಿಎಲ್‌ಎಸ್ ಎಂಬ ಗೂಢಲಿಪಿ ಶಿಷ್ಟಾಚಾರದ ಮೇಲೆ ನಡೆಯುತ್ತದೆ. ಆದರೂ 2025ರಲ್ಲಿ ಎಎಂಐ ಕಂಪನಿಯ ಇಂಥ ನಿರ್ವಹಣಾ ತಂತ್ರಾಂಶದಲ್ಲಿ ಗುರುತನ್ನೇ ದಾಟಿಹೋಗುವ ದೋಷ ಪತ್ತೆಯಾಯಿತು. ಶಿಷ್ಟಾಚಾರ ಹೊಸದಾದರೆ ಸಾಲದು ಎಂಬುದಕ್ಕೆ ಅದು ಸಾಕ್ಷಿ.

ಗುರುತಾಯಿತು, ಹಕ್ಕೆಷ್ಟು?

ಗುರುತು ಸರಿಯಾಗಿ ಸಿಕ್ಕರೂ ಮೂರನೆಯ ಪ್ರಶ್ನೆ ಉಳಿಯುತ್ತದೆ. ನಿರ್ವಹಣಾ ತಂತ್ರಾಂಶಕ್ಕೆ ಸಾಮಾನ್ಯವಾಗಿ ಎಲ್ಲ ಸರ್ವರ್‌ಗಳ ಮೇಲೂ ಪೂರ್ಣ ಅಧಿಕಾರ. ಹಾಗಾಗಿ ಅದು ಕೆಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. 2021ರ ಜುಲೈ 2ರಂದು ಕಸೇಯಾ ಕಂಪನಿಯ ದೂರನಿರ್ವಹಣಾ ತಂತ್ರಾಂಶದ ಗುರುತು ದೋಷವನ್ನು ಬಳಸಿ ನುಗ್ಗಿದವರು, ಅದರ ಮೂಲಕವೇ ಸುಮಾರು 1,500 ಸಂಸ್ಥೆಗಳವರೆಗೆ ಕಡತಗಳಿಗೆ ಬೀಗ ಹಾಕುವ ರ್‍ಯಾನ್ಸಮ್‌ವೇರ್ ಹಂಚಿದರು. ಸ್ವೀಡನ್ನಿನ ಕೂಪ್ ಎಂಬ ಸಹಕಾರಿ ಅಂಗಡಿಗಳ ನಗದು ಯಂತ್ರಗಳು ನಿಂತು ನೂರಾರು ಮಳಿಗೆಗಳು ಬಾಗಿಲು ಹಾಕಿದವು. ಆ ಅಂಗಡಿಗಳು ಕಸೇಯಾದ ನೇರ ಗ್ರಾಹಕರೂ ಆಗಿರಲಿಲ್ಲ.

ನಮ್ಮಲ್ಲಿ 2024ರ ಜುಲೈ ಕೊನೆಗೆ ಇದೇ ಬಗೆಯ ಪೆಟ್ಟು ಬಿತ್ತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಜ್ ಕಂಪನಿಗೆ ರ್‍ಯಾನ್ಸಮ್‌ವೇರ್ ಹೊಕ್ಕಿತು. ಪಾವತಿ ನಿಗಮ ಎನ್‌ಪಿಸಿಐ ಅದನ್ನು ತನ್ನ ಜಾಲದಿಂದ ಕೂಡಲೇ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ತಾತ್ಕಾಲಿಕವಾಗಿ ನಿಂತಿತು. ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ದಾಳಿ ಶುರುವಾದದ್ದು ಮತ್ತೊಂದು ಪೂರೈಕೆದಾರ ಸಂಸ್ಥೆಯ, ಸರಿಯಾಗಿ ಹೊಂದಿಸದ ಜೆಂಕಿನ್ಸ್ ಸರ್ವರಿನಿಂದ. ಜೆಂಕಿನ್ಸ್ ಎಂದರೆ ತಂತ್ರಾಂಶವನ್ನು ಕಟ್ಟಿ, ಪರೀಕ್ಷಿಸಿ, ಸರ್ವರ್‌ಗೆ ಇಳಿಸುವ ಸಾಧನ. ಕೆಲಸದ ಅನುಕೂಲಕ್ಕೆಂದು ಉಳಿದೆಲ್ಲ ಸರ್ವರ್‌ಗಳ ಕೀಲಿಗಳನ್ನು ಅದರಲ್ಲೇ ಇಟ್ಟಿರುತ್ತಾರೆ. ಆ ವರ್ಷದ ಜನವರಿಯಲ್ಲೇ ಬಹಿರಂಗವಾಗಿದ್ದ ದೋಷವೊಂದು ಅದರೊಳಗಿನ ಕಡತಗಳನ್ನು ಹೊರಗಿನವರು ಓದಲು ಬಿಡುತ್ತಿತ್ತು.

ಹಕ್ಕಿನ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ನಿಗಾ ತಂತ್ರಾಂಶಕ್ಕೆ ಓದುವ ಹಕ್ಕು ಸಾಕು. ಬ್ಯಾಕಪ್ ತೆಗೆಯುವುದಕ್ಕೆ ಅಳಿಸುವ ಹಕ್ಕು ಬೇಡ. ರೂಟ್ ಅಧಿಕಾರದ ಕೆಲಸಕ್ಕೆ ಇಬ್ಬರ ಒಪ್ಪಿಗೆ ಇರಲಿ. ಎಲ್ಲ ಸರ್ವರ್‌ಗಳಿಗೂ ಒಂದೇ ಸೇವಾ ಖಾತೆ ಬೇಡವೇ ಬೇಡ.

ಕೀಲಿಗೂ ಮುಪ್ಪಿದೆ

ಸರ್ಟಿಫಿಕೇಟಿಗೆ ಅವಧಿ ಇರುತ್ತದೆ. ಅದು ಮುಗಿದ ಕ್ಷಣ ನಂಬಿಕೆ ಕಡಿದುಹೋಗುತ್ತದೆ. 2018ರ ಡಿಸೆಂಬರ್ 6ರಂದು ಎರಿಕ್ಸನ್ ತಂತ್ರಾಂಶದೊಳಗಿನ ಒಂದು ಸರ್ಟಿಫಿಕೇಟಿನ ಅವಧಿ ಮುಗಿದು ಬ್ರಿಟನ್ನಿನ ಓ2 ಗ್ರಾಹಕರ ಮೊಬೈಲ್ ಡೇಟಾ ಇಡೀ ದಿನ ಸ್ತಬ್ಧವಾಯಿತು. 2020ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಕೂಡ ಇದೇ ಕಾರಣಕ್ಕೆ ಗಂಟೆಗಟ್ಟಲೆ ನಿಂತಿತು. ಯಾರೂ ದಾಳಿ ಮಾಡಿರಲಿಲ್ಲ. ದಿನಾಂಕ ಬರೆದಿಟ್ಟುಕೊಂಡವರು ಇರಲಿಲ್ಲ.

ಅವಧಿ ಮುಗಿದ ಕೀಲಿಯನ್ನೂ ಒಪ್ಪುತ್ತಾ ಹೋದರೆ ಇನ್ನೂ ಅಪಾಯ. 2023ರಲ್ಲಿ ಮೈಕ್ರೋಸಾಫ್ಟ್‌ನ ಒಂದು ಸಹಿ ಕೀಲಿ ಕಳ್ಳರ ಪಾಲಾಗಿ, ಅಮೆರಿಕದ ಹಿರಿಯ ಅಧಿಕಾರಿಗಳ ಇಮೇಲ್‌ಗಳು ಓದಲ್ಪಟ್ಟವು. ಅಲ್ಲಿನ ಸರ್ಕಾರಿ ಪರಿಶೀಲನಾ ಮಂಡಳಿ ಮರುವರ್ಷ ವರದಿ ಕೊಟ್ಟಿತು. ಕೀಲಿ 2016ರಲ್ಲಿ ಹುಟ್ಟಿದ್ದು, 2021ರಲ್ಲೇ ನಿವೃತ್ತಿಯಾಗಬೇಕಿತ್ತು. ಕೈಯಿಂದ ಕೀಲಿ ಬದಲಿಸುವಾಗ ಒಮ್ಮೆ ಸೇವೆ ಕುಸಿದದ್ದರಿಂದ ಬದಲಿಸುವ ಪದ್ಧತಿಯನ್ನೇ ನಿಲ್ಲಿಸಲಾಗಿತ್ತು. ಜಗತ್ತಿನ ಅತಿ ದೊಡ್ಡ ತಂತ್ರಾಂಶ ಕಂಪನಿಗೂ ಹಳೆಯ ಕೀಲಿಯನ್ನು ವಿಲೇವಾರಿ ಮಾಡುವುದು ಇಷ್ಟು ಕಷ್ಟವಾಯಿತು.

ಸಹಿ ಹಾಕುವವರೇ ಎಡವಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2014ರ ಜುಲೈನಲ್ಲಿ, ಸರ್ಕಾರಿ ಜಾಲತಾಣಗಳಿಗೆ ಸರ್ಟಿಫಿಕೇಟ್ ನೀಡುತ್ತಿದ್ದ ಎನ್‌ಐಸಿಯ ಪ್ರಾಧಿಕಾರದಿಂದ ಗೂಗಲ್‌ನ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದದ್ದು ಪತ್ತೆಯಾಯಿತು. ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಮರುದಿನವೇ ಎನ್‌ಐಸಿಯ ಮಧ್ಯಂತರ ಸರ್ಟಿಫಿಕೇಟ್‌ಗಳನ್ನು ರದ್ದುಪಡಿಸಿದರು. ರದ್ದುಪಡಿಸುವ ಅಧಿಕಾರ ಯಾರದ್ದೆಂದು ಕಾನೂನಿನಲ್ಲಿ ಸ್ಪಷ್ಟವಿದ್ದುದರಿಂದಲೇ ಆ ವೇಗ ಸಾಧ್ಯವಾಯಿತು.

ಕೀಲಿಯ ಆಯುಷ್ಯದೊಂದಿಗೆ ಗಡಿಯಾರವೂ ಬೆಸೆದುಕೊಂಡಿದೆ. ಕರ್ಬೆರೋಸ್‌ನಲ್ಲಿ ಎರಡು ಯಂತ್ರಗಳ ಸಮಯ ಐದು ನಿಮಿಷಕ್ಕಿಂತ ಹೆಚ್ಚು ಸರಿದರೆ ಸಾಮಾನ್ಯವಾಗಿ ಟಿಕೆಟ್ ನಡೆಯುವುದಿಲ್ಲ. ಯಾರು ಯಾವಾಗ ಬಂದರೆಂದು ಆಮೇಲೆ ಲಾಗ್‌ಗಳಲ್ಲಿ ಹುಡುಕುವಾಗಲೂ ಸಮಯ ಹೊಂದದಿದ್ದರೆ ತನಿಖೆ ದಾರಿ ತಪ್ಪುತ್ತದೆ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಗಡಿಯಾರ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು, ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ವಿಧಿಸಿದ್ದು ಇದಕ್ಕಾಗಿ.

ಮುಂದಿನ ದಾರಿ

ಉದ್ಯಮ ಈಗ ಹೊರಳುತ್ತಿರುವುದು ಅಲ್ಪಾಯುಷಿ ಕೀಲಿಗಳ ಕಡೆಗೆ. ವರ್ಷಗಟ್ಟಲೆ ಬಾಳುವ ಕೀಲಿಯನ್ನು ಕಾಯುವುದಕ್ಕಿಂತ, ಗಂಟೆಗಳಲ್ಲಿ ತಾನೇ ಸಾಯುವ ಕೀಲಿಯನ್ನು ಮತ್ತೆ ಮತ್ತೆ ಕೊಡುವುದು ಕ್ಷೇಮ. ಕದ್ದರೂ ಅದು ಬೇಗ ನಿಷ್ಪ್ರಯೋಜಕ. ಸ್ಪಿಫಿ ಎಂಬ ಮುಕ್ತ ಮಾನಕ, ಯಂತ್ರ ಎಲ್ಲಿ ಓಡುತ್ತಿದೆ, ಅದರಲ್ಲಿರುವ ಪ್ರೋಗ್ರಾಮ್ ಯಾವುದು ಎಂದು ಸುತ್ತಲಿನ ವ್ಯವಸ್ಥೆಯಿಂದಲೇ ಖಾತ್ರಿ ಮಾಡಿಕೊಂಡು ಇಂಥ ಗುರುತು ಕೊಡುವ ಕ್ರಮವನ್ನು ರೂಪಿಸಿದೆ. ಮೊದಲ ಪರಿಚಯದ ಕಷ್ಟಕ್ಕೆ ಈವರೆಗೆ ಸಿಕ್ಕ ಒಳ್ಳೆಯ ಉತ್ತರ ಇದು. ಸಾರ್ವಜನಿಕ ಜಾಲತಾಣಗಳ ಸರ್ಟಿಫಿಕೇಟ್ ಅವಧಿಯೂ 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕಿಳಿಯಲಿದೆ. ಆಗ ಕೈಯಿಂದ ನವೀಕರಿಸುವುದು ಅಸಾಧ್ಯ. ಸ್ವಯಂಚಾಲನೆ ಬಿಟ್ಟು ಬೇರೆ ದಾರಿಯಿಲ್ಲ. ಕ್ವಾಂಟಮ್ ಕಂಪ್ಯೂಟರುಗಳಿಗೂ ಬಗ್ಗದ ಗೂಢಲಿಪಿಯ ಮಾನಕಗಳು 2024ರ ಆಗಸ್ಟಿನಲ್ಲಿ ಪ್ರಕಟವಾಗಿವೆ. ಯಾವ ಯಂತ್ರದಲ್ಲಿ ಯಾವ ಕೀಲಿ ಇದೆಯೆಂಬ ಪಟ್ಟಿಯಿದ್ದವರಿಗೆ ಮಾತ್ರ ಅವುಗಳಿಗೆ ಬದಲಾಗಲು ಸಾಧ್ಯ.

ಗಚ್ಚಿಬೌಲಿಯ ದೊಡ್ಡ ಕಂಪನಿಗಳು ಇದನ್ನೆಲ್ಲ ಮಾಡಿಕೊಳ್ಳುತ್ತವೆ. ನನ್ನ ಕಾಳಜಿ ಸಣ್ಣ ಸಂಸ್ಥೆಗಳದ್ದು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ, 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೀದರ್ ಜಿಲ್ಲೆಯ ಒಂದು ಹಳ್ಳಿಯ ಸೊಸೈಟಿಯ ಲೆಕ್ಕ ಇನ್ನು ಮುಂದೆ ಎಲ್ಲೋ ಒಂದು ಸರ್ವರ್‌ನಲ್ಲಿರುತ್ತದೆ, ಅದನ್ನು ಯಾವುದೋ ತಂತ್ರಾಂಶ ನಿರ್ವಹಿಸುತ್ತದೆ. ಆ ಸೊಸೈಟಿ ಭದ್ರತಾ ಎಂಜಿನಿಯರನ್ನು ಇಟ್ಟುಕೊಳ್ಳಲಾರದು. 2019ರ ಡಿಸೆಂಬರ್ ಕೊನೆಗೆ ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೆ ಗಾತ್ರ ಮತ್ತು ಸೇವೆಗೆ ತಕ್ಕಂತೆ ನಾಲ್ಕು ಹಂತಗಳ ಸೈಬರ್ ಭದ್ರತಾ ಚೌಕಟ್ಟು ಕೊಟ್ಟಿತ್ತು. ಎರಡು ವರ್ಷದ ನಂತರವೇ ಮಹೇಶ್ ಬ್ಯಾಂಕಿನ ಘಟನೆ ನಡೆಯಿತು. ಸುತ್ತೋಲೆ ಬೇಕು, ಆದರೆ ಅದನ್ನು ನಡೆಸುವ ಕೈಗಳೂ ಬೇಕು. ನಗರ ಸಹಕಾರಿ ಬ್ಯಾಂಕುಗಳಿಗೆಂದೇ 2024ರ ಮಾರ್ಚಿನಲ್ಲಿ ಆರಂಭವಾದ ಛತ್ರಿ ಸಂಸ್ಥೆ ಎನ್‌ಯುಸಿಎಫ್‌ಡಿಸಿಯಂಥವು ಕೀಲಿ ಮತ್ತು ಸರ್ಟಿಫಿಕೇಟ್ ನಿರ್ವಹಣೆಯನ್ನು ಎಲ್ಲ ಸದಸ್ಯ ಬ್ಯಾಂಕುಗಳಿಗೆ ಹಂಚಿಕೆಯ ಸೇವೆಯಾಗಿ ಕೊಡಬೇಕು. ದೊಡ್ಡ ಬ್ಯಾಂಕುಗಳಿಗೆ ಐಡಿಆರ್‌ಬಿಟಿ ಇಪ್ಪತ್ತು ವರ್ಷಗಳ ಹಿಂದೆ ಮಾಡಿಕೊಟ್ಟದ್ದು ಇದನ್ನೇ. ಸಂದೇಶಗಳ ರಸ್ತೆಗೆ ಬಂದ ಆ ಶಿಸ್ತು ಈಗ ಸರ್ವರ್‌ಗಳ ಒಳ ಓಣಿಗಳಿಗೂ ಬರಬೇಕು.

ಅಲ್ಲಿಯವರೆಗೆ ಯಾವುದೇ ಸಂಸ್ಥೆ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದವು ಕೆಲವಿವೆ. ಯಾವ ತಂತ್ರಾಂಶ ಯಾವ ಸರ್ವರ್‌ಗೆ ಯಾವ ಕೀಲಿಯಿಂದ ಹೋಗುತ್ತದೆ ಎಂಬ ರಿಜಿಸ್ಟರ್ ಇಡುವುದು. ಪ್ರತಿ ಕೀಲಿಯ ಮುಂದೆ ಹೊಣೆಗಾರ ಹುದ್ದೆ ಮತ್ತು ಕೊನೆಯ ದಿನಾಂಕ ಬರೆಯುವುದು. ನಿರ್ವಹಣಾ ಜಾಲವನ್ನು ಸಿಬ್ಬಂದಿಯ ಕಂಪ್ಯೂಟರ್‌ಗಳ ಜಾಲದಿಂದ ಬೇರ್ಪಡಿಸುವುದು. ಕೋಡಿನಲ್ಲಿ ಅಡಗಿರುವ ‘ಫಾಲ್ಸ್’ ಸಾಲುಗಳನ್ನು ಹುಡುಕಿ ತೆಗೆಯುವುದು. ವರ್ಷಕ್ಕೊಮ್ಮೆಯಾದರೂ ಒಂದು ಕೀಲಿ ಕಳುವಾಗಿದೆಯೆಂದು ಭಾವಿಸಿ, ಅದನ್ನು ರದ್ದುಮಾಡಿ ಹೊಸದು ಹಾಕುವ ಅಭ್ಯಾಸ ನಡೆಸುವುದು. ಕೆಲಸ ಬಿಟ್ಟುಹೋದವರ, ಗುತ್ತಿಗೆ ಮುಗಿದ ಪೂರೈಕೆದಾರರ ಕೀಲಿಗಳನ್ನು ಅದೇ ದಿನ ಕಿತ್ತುಹಾಕುವುದು.

ಗಣಿತಜ್ಞರು ತಮ್ಮ ಪಾಲಿನ ಕೆಲಸ ಮಾಡಿಕೊಟ್ಟಿದ್ದಾರೆ. ಉಳಿದದ್ದು ಆಡಳಿತದ ಕೆಲಸ, ಅದನ್ನು ಐಟಿ ವಿಭಾಗದ ಹುಡುಗರ ತಲೆಗೆ ಕಟ್ಟಿ ಆಡಳಿತ ಮಂಡಳಿ ಕೈತೊಳೆದುಕೊಳ್ಳುವಂತಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಪಾಲು ಇರುವ ಸದಸ್ಯರು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ನಮ್ಮ ಬ್ಯಾಂಕಿನ ಸರ್ವರ್‌ಗಳ ಕೀಲಿಗಳು ಯಾರ ಹೆಸರಿನಲ್ಲಿವೆ, ಅವನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ? ಉತ್ತರ ಲಿಖಿತವಾಗಿ ಬರಲಿ. ಉತ್ತರ ಕೊಡಲಾಗದ ಮಂಡಳಿಗೆ ಠೇವಣಿ ಕಾಯುವ ಯೋಗ್ಯತೆಯೂ ಇಲ್ಲವೆಂದೇ ತಿಳಿಯಬೇಕು.